ಬೆನ್ನಿಗೊಂದು ಬ್ಯಾಗ್, ಮಾಲ್ಡೀವ್ಸ್‌ನಲ್ಲಿ ಒಂದು ವಾರ: ತಲೆಗೆ 60 ಸಾವಿರದಲ್ಲಿ ಆಗುತ್ತದೆಯೇ?

ಕೌಲ್‌ಬಜಾರ್ ಕತ್ತರಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಜೀನ್ಸ್ ಯೂನಿಟ್ ಒಂದರಲ್ಲಿ ಕಟಿಂಗ್ ನೋಡಿಕೊಳ್ಳುತ್ತೇನೆ. ನಾನು, ಗಂಗಾವತಿಯ ಒಬ್ಬ ಗೆಳೆಯ, ಸಿಂಧನೂರಿನ ಇನ್ನೊಬ್ಬ, ಮೂವರೂ ಮಾಲ್ಡೀವ್ಸ್‌ಗೆ ಹೊರಟಿದ್ದೇವೆ. ನೀರಿನ ಮೇಲೆ ಕಟ್ಟಿದ ಮನೆ, ಸೀಪ್ಲೇನ್, ತೇಲುವ ತಟ್ಟೆಯ ತಿಂಡಿ ಇವು ಯಾವುವೂ ಬೇಡ. ಬೇಕೆಂದರೂ ನಮ್ಮ ಕೈಗೆ ಎಟುಕುವುದಿಲ್ಲ. ಅಲ್ಲಿನ ಜನ ವಾಸಿಸುವ ದ್ವೀಪಗಳಲ್ಲಿ ಗೆಸ್ಟ್‌ಹೌಸ್ ಹಿಡಿದು, ದೋಣಿಯಲ್ಲಿ ಓಡಾಡಿಕೊಂಡು, ಹವಳ, ಮೀನು ನೋಡಿ ಬರಬೇಕೆಂಬ ಆಸೆ. ವಿಮಾನದ ಟಿಕೆಟ್ ಸೇರಿ ತಲೆಗೆ 60 ಸಾವಿರ ರೂಪಾಯಿ ಇಟ್ಟಿದ್ದೇವೆ.

ಹೊರಡುವುದು 2027ರ ಫೆಬ್ರುವರಿ ಎರಡನೇ ವಾರ. ಮಾಫುಶಿ, ತುಲುಸ್ದೂ, ತೊಡ್ಡೂ, ಉಕುಲ್ಹಾಸ್, ದಿಗುರಾ ಎಂದು ಐದು ದ್ವೀಪಗಳ ಪಟ್ಟಿ ಮಾಡಿದ್ದೇವೆ. ಒಂದೊಂದರಲ್ಲಿ ಒಂದು ರಾತ್ರಿ, ಒಂದರಲ್ಲಿ ಎರಡು. ಹೋಗಿ ಬಂದವರು, ಅಲ್ಲೇ ಇರುವವರು ಇದ್ದರೆ ತಪ್ಪು ಒಪ್ಪು ಹೇಳಿ.

ತೋಪಿನ ನೆರಳು

ತಮ್ಮಾ, ಅರವತ್ತು ಸಾವಿರಕ್ಕೆ ಶ್ರೀಲಂಕಾದಲ್ಲಿ ಎರಡು ವಾರ ರಾಜನ ಹಾಗೆ ತಿರುಗಬಹುದು. ಅದು ಬೇಡವಾದರೆ ನಮ್ಮದೇ ಲಕ್ಷದ್ವೀಪ ಇದೆ. ಅದೇ ಸಮುದ್ರ, ಅದೇ ಹವಳ. 2024ರ ಜನವರಿಯಲ್ಲಿ ಅಲ್ಲಿನ ಉಪಸಚಿವರು ನಮ್ಮ ದೇಶದ ಬಗ್ಗೆ ಆಡಿದ ಮಾತನ್ನು ಇಷ್ಟು ಬೇಗ ಮರೆತಿರಾ?

ಕೌಲ್‌ಬಜಾರ್ ಕತ್ತರಿ

ಮರೆತಿಲ್ಲ ಅಣ್ಣ. ಆದರೆ ಆ ಮಾತಾಡಿದವರನ್ನು ಅವರ ಸರ್ಕಾರವೇ ಆಗ ಅಮಾನತು ಮಾಡಿತು. 2025ರ ಜುಲೈನಲ್ಲಿ ಅವರ ಸ್ವಾತಂತ್ರ್ಯದ 60ನೇ ವರ್ಷದ ಸಮಾರಂಭಕ್ಕೆ ನಮ್ಮ ಪ್ರಧಾನಿಯೇ ಅತಿಥಿಯಾಗಿ ಹೋಗಿ ಬಂದರು. ದೊಡ್ಡವರು ಕೈಕುಲುಕಿದ ಮೇಲೆ ನಾವು ಮೂವರು ಮುನಿಸು ಹಿಡಿದು ಕೂತರೆ ಯಾರಿಗೆ ಲಾಭ? ಲಕ್ಷದ್ವೀಪವನ್ನೂ ವಿಚಾರಿಸಿದೆ. ಪ್ರವೇಶ ಪರವಾನಗಿ ಬೇಕು, ನೋಡಲು ಬಿಡುವ ದ್ವೀಪಗಳು ಕೆಲವೇ, ಕೊಚ್ಚಿಯಿಂದ ಹಡಗಿನಲ್ಲಿ ಜಾಗ ಸಿಗಬೇಕು. ಬ್ಯಾಗ್ ಹೊತ್ತು ಮನಸ್ಸು ಬಂದ ಕಡೆ ಇಳಿಯುವ ಪ್ರವಾಸ ಅಲ್ಲಿ ನಡೆಯುವುದಿಲ್ಲ.

ಗಡ್ಡಿ ಹರಿಗೋಲು

ನಾನು ಮಾಲ್ಡೀವ್ಸ್ ನೋಡಿಲ್ಲ. ಆದರೆ ಬ್ಯಾಗ್ ಹೊತ್ತು ತಿರುಗುವವರನ್ನು ವರ್ಷಗಟ್ಟಲೆ ನೋಡಿದ್ದೇನೆ. ನಾನು ಆನೆಗೊಂದಿಯ ಕಡೆಯವನು. ಹಂಪಿಯ ಎದುರು ದಡದ ವಿರೂಪಾಪುರ ಗಡ್ಡಿಯಲ್ಲಿ ಗೆಸ್ಟ್‌ಹೌಸುಗಳಿದ್ದ ಕಾಲದಲ್ಲಿ ಅಲ್ಲೇ ಕೆಲಸಕ್ಕಿದ್ದೆ. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದು ಅವನ್ನೆಲ್ಲ ತೆರವು ಮಾಡಿದರು, ಆ ಕಥೆ ಬೇರೆ.

ಇಸ್ರೇಲ್, ಫ್ರಾನ್ಸ್, ಜರ್ಮನಿಯಿಂದ ಬರುತ್ತಿದ್ದ ಆ ಹುಡುಗ ಹುಡುಗಿಯರಲ್ಲಿ ಎರಡು ಜಾತಿ. ಒಬ್ಬರು ಗೋವಾ, ಹಂಪಿ, ಮೈಸೂರು, ಕೊಚ್ಚಿ ಎಂದು ಪಟ್ಟಿ ಹಿಡಿದು ಓಡುವವರು. ಬೆಳಿಗ್ಗೆ ಬಂದು ಸಂಜೆಯ ಬಸ್ಸಿನ ಚಿಂತೆ ಮಾಡುತ್ತಿದ್ದರು. ಆಟೋದವನು ಕೇಳಿದಷ್ಟು ಕೊಟ್ಟು, ಸಂಜೆ ದೋಣಿ ನಿಂತ ಮೇಲೆ ದಾಟಲು ಹರಿಗೋಲಿನವನಿಗೆ ಹತ್ತು ಪಟ್ಟು ಕೊಟ್ಟು, ಊರೆಲ್ಲ ದುಬಾರಿ ಎಂದು ಬೈದು ಹೋಗುತ್ತಿದ್ದರು. ಇನ್ನೊಬ್ಬರು ಒಂದೇ ಕಡೆ ಬೇರು ಬಿಡುವವರು. ವಾರ ಕಳೆಯುವುದರೊಳಗೆ ಬಾಡಿಗೆ ಇಳಿಸಿಕೊಳ್ಳುತ್ತಿದ್ದರು, ಯಾವ ಅಂಗಡಿಯಲ್ಲಿ ಬಾಳೆಹಣ್ಣು ಅಗ್ಗ ಎಂದು ನಮಗೇ ಹೇಳಿಕೊಡುತ್ತಿದ್ದರು. ಕಡಿಮೆ ಹಣ ಖರ್ಚು ಮಾಡಿ ಹೆಚ್ಚು ನೋಡಿದವರು ಈ ಎರಡನೆಯವರೇ.

ನಿಮ್ಮ ಪಟ್ಟಿ ನೋಡಿದರೆ ನೀವು ಮೊದಲನೆಯ ಜಾತಿ. ನೆಲದ ಮೇಲೆಯೇ ಓಡಾಟ ಕಿಸೆ ಖಾಲಿ ಮಾಡುತ್ತದೆ. ಸುತ್ತ ಸಮುದ್ರ ಇರುವ ಕಡೆ ಕೇಳಬೇಕೇ? ಐದು ದ್ವೀಪ ಎಂದರೆ ಐದು ಬಾರಿ ದೋಣಿಯವನ ಕೈಗೆ ಸಿಗುವುದು. ಎರಡಕ್ಕೆ ಇಳಿಸಿ.

ಲಿಂಗಸುಗೂರು ಟೀಚರ್

ಗಡ್ಡಿ ಅಣ್ಣನವರು ಅಲ್ಲಿಗೆ ಹೋಗದೆಯೇ ಸರಿಯಾಗಿ ಹೇಳಿದ್ದಾರೆ. ನಾನು ರಾಯಚೂರು ಜಿಲ್ಲೆಯವಳು, ಮಾಲ್ಡೀವ್ಸ್‌ನ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ಇಲ್ಲಿ ಭಾರತದ ಶಿಕ್ಷಕರು, ನರ್ಸ್‌ಗಳು ಬಹಳ ಜನ ಇದ್ದಾರೆ.

ತಮ್ಮಾ, ನಿಮ್ಮ ಪಟ್ಟಿಯನ್ನು ನಕ್ಷೆಯ ಮೇಲೆ ಇಟ್ಟು ನೋಡಿ. ತುಲುಸ್ದೂ ಇರುವುದು ರಾಜಧಾನಿ ಮಾಲೆಯ ಉತ್ತರಕ್ಕೆ. ಮಾಫುಶಿ ದಕ್ಷಿಣಕ್ಕೆ. ತೊಡ್ಡೂ, ಉಕುಲ್ಹಾಸ್ ಪಶ್ಚಿಮದ ಆರಿ ದ್ವೀಪಗುಚ್ಛದ ಉತ್ತರ ತುದಿಯ ಕಡೆ, ದಿಗುರಾ ಅದೇ ಗುಚ್ಛದ ದಕ್ಷಿಣ ತುದಿಯ ಕಡೆ. ದ್ವೀಪದಿಂದ ದ್ವೀಪಕ್ಕೆ ನೇರವಾಗಿ ಜಿಗಿಯಬಹುದು ಎಂದು ನೀವು ಅಂದುಕೊಂಡಿದ್ದೀರಿ. ದೂರದ ದ್ವೀಪಗಳ ನಡುವೆ ಅಂತಹ ದೋಣಿ ಅಪರೂಪ. ಹೆಚ್ಚಿನ ಸ್ಪೀಡ್‌ಬೋಟ್‌ಗಳು ಮಾಲೆಯಿಂದ ಹೊರಟು ಮಾಲೆಗೇ ಮರಳುತ್ತವೆ. ಹಾಗಾಗಿ ಒಂದು ದ್ವೀಪ ಬದಲಿಸಿದಾಗಲೆಲ್ಲ ಎರಡು ಟಿಕೆಟ್, ಅರ್ಧ ದಿನ ಕಟ್ಟೆಯ ಮೇಲೆ ಕಾಯುವುದು. ಸ್ಪೀಡ್‌ಬೋಟಿಗೆ ಮಾಫುಶಿಗೆ ಒಂದು ಕಡೆಗೆ 25 ಡಾಲರ್ ಸುಮಾರು, ದಿಗುರಾಕ್ಕೆ 50 ದಾಟುತ್ತದೆ, ಉಳಿದವು ಇವೆರಡರ ನಡುವೆ. ಐದಕ್ಕೂ ಹೋಗಿ ಬಂದರೆ ದೋಣಿಗೇ ತಲೆಗೆ 400 ಡಾಲರ್ ಹತ್ತಿರ. ನೀವು ಇಟ್ಟುಕೊಂಡ ಹಣದ ಅರ್ಧಕ್ಕಿಂತ ಹೆಚ್ಚು ಅಲ್ಲಿಗೇ ಮುಗಿಯಿತು.

ಅಗ್ಗದ ದಾರಿ ಸರ್ಕಾರಿ ಫೆರಿ. ಮಾಫುಶಿ, ಗುಲ್ಹಿ, ಗುರೈದೂ ಮೂರೂ ಮಾಲೆಯ ದಕ್ಷಿಣಕ್ಕೆ ಹತ್ತಿರ ಹತ್ತಿರ ಇವೆ. ಸ್ಪೀಡ್‌ಬೋಟ್ ಅರ್ಧ ಗಂಟೆಯಲ್ಲಿ ಮುಟ್ಟಿಸುವ ಮಾಫುಶಿಗೆ ಫೆರಿ ಒಂದೂವರೆ ಗಂಟೆ ತೆಗೆದುಕೊಳ್ಳುತ್ತದೆ. ಆದರೆ ಎರಡು ಮೂರು ಡಾಲರಿನಲ್ಲಿ ಕೆಲಸ ಮುಗಿಯುತ್ತದೆ. ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್, ಶಾಲೆಯ ಮಕ್ಕಳು, ಮೋಟಾರ್‌ಸೈಕಲ್ ಎಲ್ಲದರ ಜೊತೆ ಕೂತು ಹೋಗಬೇಕು. ನಿಮಗೆ ಬೇಕಾದ ಊರು ಅಲ್ಲೇ ಸಿಗುತ್ತದೆ. ಅದು ಹೊರಡುವುದು ವಿಮಾನ ನಿಲ್ದಾಣದಿಂದಲ್ಲ, ಮಾಲೆ ನಗರದ ಇನ್ನೊಂದು ಬದಿಯ ವಿಲ್ಲಿಂಗಿಲಿ ಫೆರಿ ನಿಲ್ದಾಣದಿಂದ. ಸಂಜೆ ಇಳಿಯುವ ವಿಮಾನ ಹಿಡಿದರೆ ಅಂದಿನ ಫೆರಿ ಸಿಗುವುದಿಲ್ಲ. ಶುಕ್ರವಾರ ಫೆರಿಯೇ ಇಲ್ಲ. ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ.

ಇನ್ನೂ ಮುಖ್ಯವಾದ ಮಾತು. 2027ರಲ್ಲಿ ರಂಜಾನ್ ತಿಂಗಳು ಫೆಬ್ರುವರಿ 8ರ ಆಸುಪಾಸು ಶುರುವಾಗುತ್ತದೆ, ಚಂದ್ರದರ್ಶನದ ಮೇಲೆ ಒಂದು ದಿನ ಆಚೀಚೆ. ಆಗ ಊರಿನ ದ್ವೀಪಗಳಲ್ಲಿ ಹಗಲು ಹೋಟೆಲುಗಳು ಮುಚ್ಚಿರುತ್ತವೆ. ಗೆಸ್ಟ್‌ಹೌಸಿನವರು ಒಳಗೆ ಊಟ ಕೊಡುತ್ತಾರೆ, ಹಸಿವಿನಿಂದ ಇರಬೇಕಾಗಿಲ್ಲ. ಆದರೆ ಮೊದಲ ಸಲ ಬರುವವರಿಗೆ, ಬೀದಿಯಲ್ಲಿ ಅಗ್ಗಕ್ಕೆ ತಿನ್ನಬೇಕೆನ್ನುವವರಿಗೆ ಅದು ಸರಿಯಾದ ತಿಂಗಳಲ್ಲ. ಸಂಕ್ರಾಂತಿ ಮುಗಿಸಿಕೊಂಡು ಜನವರಿಯಲ್ಲಿ ಬನ್ನಿ. ಕ್ರಿಸ್‌ಮಸ್, ಹೊಸವರ್ಷದ ಬಾಡಿಗೆ ಅಷ್ಟು ಹೊತ್ತಿಗೆ ಸ್ವಲ್ಪ ಇಳಿದಿರುತ್ತದೆ. ಈಶಾನ್ಯ ಮಾರುತದ ಕಾಲ, ಆಕಾಶ ತಿಳಿಯಾಗಿರುತ್ತದೆ, ಸಮುದ್ರ ಶಾಂತ. ಮೇ ತಿಂಗಳಿನಿಂದ ನೈರುತ್ಯ ಮಾರುತ ಹಿಡಿದರೆ ಬಾಡಿಗೆ ಇಳಿಯುತ್ತದೆ, ದೋಣಿಯಲ್ಲಿ ಹೊಟ್ಟೆ ತೊಳಸುತ್ತದೆ.

ಕಾಲುವೆ ಈಜುಗಾರ

ಆ ಸಿಂಧನೂರಿನ ಗೆಳೆಯ ನಾನೇ. ಎರಡು ದ್ವೀಪ ನೋಡಲು ಅಷ್ಟು ದೂರ ಹೋಗಬೇಕೇ ಟೀಚರ್? ಒಂದು ದ್ವೀಪವನ್ನು ಅರ್ಧ ಗಂಟೆಯಲ್ಲಿ ಸುತ್ತಿ ಮುಗಿಸಬಹುದು ಎನ್ನುತ್ತಾರೆ. ಉಳಿದ ದಿನ ಏನು ಮಾಡುವುದು? ಇನ್ನೊಂದು ಪ್ರಶ್ನೆ, ಸಂಜೆ ಕೂತು ಒಂದು ಬಿಯರ್ ಕುಡಿಯುವುದಕ್ಕೆ ಅವಕಾಶ ಇದೆಯೇ?

ಲಿಂಗಸುಗೂರು ಟೀಚರ್

ಜನವಸತಿಯ ದ್ವೀಪಗಳಲ್ಲಿ ಮದ್ಯ ಕಾನೂನಿನಲ್ಲೇ ನಿಷಿದ್ಧ. ಬೆಂಗಳೂರಿನ ಡ್ಯೂಟಿ ಫ್ರೀ ಅಂಗಡಿಯಲ್ಲಿ ಕೊಂಡ ಬಾಟಲಿಯನ್ನೂ ಮಾಲೆಯ ಕಸ್ಟಮ್ಸ್‌ನವರು ತೆಗೆದಿಟ್ಟುಕೊಳ್ಳುತ್ತಾರೆ. ಹಂದಿ ಮಾಂಸವೂ ಇಲ್ಲ, ಇ-ಸಿಗರೇಟೂ ಇಲ್ಲ. ಮಾಫುಶಿಯಂತಹ ಕಡೆ ಸಮುದ್ರದಲ್ಲಿ ಲಂಗರು ಹಾಕಿದ ಬಾರ್ ಹಡಗುಗಳಿವೆ. ಸಣ್ಣ ದೋಣಿಯಲ್ಲಿ ಹೋಗಿ ಕುಡಿದು ಬರಬಹುದು, ಬೆಲೆ ಕೇಳಿದರೆ ಅಮಲು ಅಲ್ಲೇ ಇಳಿಯುತ್ತದೆ. ಒಂದು ವಾರ ಬಿಟ್ಟಿರಿ.

ಬಟ್ಟೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಪ್ರವಾಸಿಗರು ಈಜುಡುಗೆಯಲ್ಲಿ ಇರಲು ಪ್ರತ್ಯೇಕ ಕಡಲತೀರ ಗುರುತು ಮಾಡಿರುತ್ತಾರೆ. ಉಳಿದ ಕಡೆ ಭುಜ, ಮೊಣಕಾಲು ಮುಚ್ಚುವ ಬಟ್ಟೆ. ಇದು ಗಂಡಸರಿಗೂ ಅನ್ವಯ. ಚಡ್ಡಿಯಲ್ಲೇ ಮಸೀದಿಯ ಮುಂದಿನ ಬೀದಿಯಲ್ಲಿ ಓಡಾಡಬೇಡಿ.

ಉಳಿದ ದಿನ ಏನು ಮಾಡುವುದು ಎಂದಿರಲ್ಲ, ದ್ವೀಪವನ್ನು ನೆಲದ ಅಳತೆಯಲ್ಲಿ ನೋಡುತ್ತಿದ್ದೀರಿ. ಇಡೀ ದೇಶದ ನೆಲ 300 ಚದರ ಕಿಲೋಮೀಟರ್ ಸುಮಾರು, ನಮ್ಮ ಒಂದು ತಾಲ್ಲೂಕಿನಷ್ಟೂ ಇಲ್ಲ. ನೋಡುವುದೆಲ್ಲ ನೀರಿನ ಒಳಗೆ. ದಿಗುರಾದ ಪಕ್ಕದ ಸಮುದ್ರವನ್ನು 2009ರಲ್ಲಿ ರಕ್ಷಿತ ಪ್ರದೇಶ ಮಾಡಿದ್ದಾರೆ. ತಿಮಿಂಗಿಲ ಶಾರ್ಕ್ ವರ್ಷವಿಡೀ ಕಾಣುವ ಜಗತ್ತಿನ ಕೆಲವೇ ಜಾಗಗಳಲ್ಲಿ ಅದೊಂದು. ಆದರೆ ಕಾಡಿನ ಪ್ರಾಣಿಯ ಹಾಗೆಯೇ, ಇವತ್ತು ಹೋದರೆ ಕಾಣದೆ ಇರಬಹುದು, ನಾಳೆ ಕಂಡೀತು. ಒಂದೇ ರಾತ್ರಿ ಇರುವವರಿಗೆ ಆ ನಾಳೆ ಇರುವುದಿಲ್ಲ.

ಲೆಕ್ಕದ ಪುಸ್ತಕ

ನಾನು ಬಳ್ಳಾರಿಯಲ್ಲಿ ತೆರಿಗೆ ಲೆಕ್ಕ ಬರೆಯುವವನು, ದುಡ್ಡಿನ ಮಾತು ನನಗೆ ಬಿಡಿ. ಮಾಲ್ಡೀವ್ಸ್‌ನಲ್ಲಿ ಕಾಣುವ ಬೆಲೆ ಒಂದು, ಕೊಡುವ ಬೆಲೆ ಇನ್ನೊಂದು.

ಮೊದಲು ವಿಮಾನ. ಬೆಂಗಳೂರಿನಿಂದ ಎರಡು ಗಂಟೆಯ ಹಾದಿಗೆ ಇಷ್ಟೊಂದು ಏಕೆ ಎಂದು ಕೇಳುತ್ತಾರೆ. 2024ರ ಡಿಸೆಂಬರ್‌ನಿಂದ ವಿದೇಶಿಯರು ಅಲ್ಲಿಂದ ಹೊರಡುವಾಗ ಎಕಾನಮಿ ದರ್ಜೆಯಲ್ಲೂ 50 ಡಾಲರ್ ನಿರ್ಗಮನ ತೆರಿಗೆ, 50 ಡಾಲರ್ ವಿಮಾನ ನಿಲ್ದಾಣ ಅಭಿವೃದ್ಧಿ ಶುಲ್ಕ. ಡಾಲರಿಗೆ 90 ರೂಪಾಯಿ ಹಿಡಿದರೆ ಒಂಬತ್ತು ಸಾವಿರ ರೂಪಾಯಿ ಟಿಕೆಟಿನ ಒಳಗೇ ಕೂತಿದೆ.

ಎರಡನೆಯದು ಕೋಣೆ. ಜಾಲತಾಣದಲ್ಲಿ 50 ಡಾಲರ್ ಎಂದು ತೋರಿಸುತ್ತಾರೆ. ಸೇವಾ ಶುಲ್ಕ ಹಾಕುವ ಕಡೆ ಶೇ 10 ಸೇರಿ 55. ಅದರ ಮೇಲೆ ಪ್ರವಾಸೋದ್ಯಮ ಜಿಎಸ್‌ಟಿ, 2025ರ ಜುಲೈನಿಂದ ಶೇ 17. ಅಲ್ಲಿಗೆ 64 ಚಿಲ್ಲರೆ. ಇದಲ್ಲದೆ ಹಸಿರು ತೆರಿಗೆ. ಸಣ್ಣ ಗೆಸ್ಟ್‌ಹೌಸಿನಲ್ಲಿ ತಲೆಗೆ, ರಾತ್ರಿಗೆ 6 ಡಾಲರ್. 2025ರ ಆರಂಭದವರೆಗೆ ಇದು ಮೂರೇ ಇತ್ತು. ಮೂವರಿಗೆ 18. ಐವತ್ತರ ಕೋಣೆ 82 ಡಾಲರ್ ಆಯಿತು. ಎಲ್ಲ ತೆರಿಗೆ ಸೇರಿದ ಮೊತ್ತ ಎಷ್ಟು ಎಂದು ಬರವಣಿಗೆಯಲ್ಲಿ ಕೇಳಿ, ಆಮೇಲೆ ಕೋಣೆ ಹಿಡಿಯಿರಿ. ಮೂವರೂ ಒಂದೇ ಕೋಣೆಯಲ್ಲಿದ್ದರೆ ಮಾತ್ರ ನಿಮ್ಮ ಲೆಕ್ಕ ಹೊಂದುತ್ತದೆ.

ಮೂರನೆಯದು, ಪ್ಯಾಕೇಜ್ ಕೊಳ್ಳಬೇಡಿ. ನನ್ನ ಗಿರಾಕಿಯೊಬ್ಬರಿಗೆ ಏಜೆಂಟ್ ಒಬ್ಬ "ಎಲ್ಲ ಸೇರಿ" ಎಂದು ಹೇಳಿ ಮಾರಿದ್ದ. ಹಸಿರು ತೆರಿಗೆಯೂ, ಮರಳುವ ದೋಣಿಯೂ ಅದರಲ್ಲಿ ಇರಲಿಲ್ಲ. ವಿದೇಶ ಪ್ರವಾಸದ ಪ್ಯಾಕೇಜಿಗೆ ಟಿಸಿಎಸ್, ಅಂದರೆ ಮಾರುವವರೇ ಮೊದಲೇ ವಸೂಲಿ ಮಾಡುವ ಆದಾಯ ತೆರಿಗೆ, ಕೂಡ ಹಿಡಿಯುತ್ತಾರೆ. ರಿಟರ್ನ್ ಸಲ್ಲಿಸಿದರೆ ಹೊಂದಾಣಿಕೆ ಆಗುತ್ತದೆ, ಆದರೆ ಅಷ್ಟು ದಿನ ನಿಮ್ಮ ಹಣ ಸರ್ಕಾರದ ಬಳಿ.

ನನ್ನ ಅಂದಾಜು ಹೀಗಿದೆ. ಎರಡು ದ್ವೀಪ, ಆರು ರಾತ್ರಿ, ಒಬ್ಬರಿಗೆ: ವಿಮಾನ 22 ಸಾವಿರ, ಕೋಣೆಯ ಪಾಲು 14ರಿಂದ 15, ದೋಣಿ 11, ಊಟ 8, ಸಮುದ್ರದ ಸುತ್ತಾಟ 9ರಿಂದ 10. ಅರವತ್ತರಲ್ಲಿ ಮುಗಿಯುವುದಿಲ್ಲ. ಎಪ್ಪತ್ತು ಇಟ್ಟುಕೊಳ್ಳಿ. ಉಳಿದರೆ ನಿಮ್ಮದೇ.

ಕೌಲ್‌ಬಜಾರ್ ಕತ್ತರಿ

ಎಪ್ಪತ್ತು ಕೇಳಿ ಗಂಗಾವತಿಯವನು ಫೋನ್ ಇಟ್ಟುಬಿಟ್ಟ. ಊಟದಲ್ಲಿ ಉಳಿಸಲು ದಾರಿ ಇದೆಯೇ? ಅವನು ಶುದ್ಧ ಸಸ್ಯಾಹಾರಿ ಬೇರೆ.

ರೊಟ್ಟಿ ಬುಟ್ಟಿ

ಇದೆ. ನಾನು ಕೊಪ್ಪಳದವಳು. ನನ್ನ ತಾಯಿಯನ್ನು ಕರೆದುಕೊಂಡು ಹೋಗಿದ್ದೆ, ಅವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ.

ಆ ದೇಶದಲ್ಲಿ ಸಸ್ಯಾಹಾರ ಎಂದರೆ ಟ್ಯೂನಾ ಮೀನು ಹಾಕದ್ದು ಎಂದು ಬಿಡಿಸಿ ಹೇಳಬೇಕು. ಬೆಳಗಿನ ತಿಂಡಿ ಮಸ್ ಹುಣಿ ನೋಡಲು ನಮ್ಮ ಕೊಬ್ಬರಿ ಚಟ್ನಿಯ ಹಾಗೆಯೇ ಇರುತ್ತದೆ. ತುರಿದ ತೆಂಗಿನಕಾಯಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ನಿಂಬೆರಸ ಎಲ್ಲ ಕೈಯಲ್ಲಿ ಹಿಚುಕಿ ಕಲಸಿರುತ್ತಾರೆ. ಜೊತೆಗೆ ನುಣ್ಣಗೆ ಪುಡಿ ಮಾಡಿದ ಟ್ಯೂನಾ ಸೇರಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅದರ ಜೊತೆ ಕೊಡುವ ರೋಶಿ ಮಾತ್ರ ನಮ್ಮ ತೆಳು ಚಪಾತಿಯೇ. ಸಂಜೆ ಚಹಾ ಅಂಗಡಿಯ ಕರಿದ ತಿಂಡಿಗಳಲ್ಲೂ ಹೂರಣ ಹೆಚ್ಚಾಗಿ ಮೀನಿನದೇ. ರೋಶಿಯ ಜೊತೆ ಬೇಳೆ ಸಾರು ಮಾಡಿಕೊಡಿ ಎಂದು ಹಿಂದಿನ ರಾತ್ರಿಯೇ ಹೇಳಿದರೆ ಗೆಸ್ಟ್‌ಹೌಸಿನವರು ಪ್ರೀತಿಯಿಂದ ಮಾಡುತ್ತಾರೆ. ಅಡುಗೆಯವರು ಅನೇಕ ಕಡೆ ಬಾಂಗ್ಲಾದೇಶ, ಶ್ರೀಲಂಕಾ, ಕೇರಳದವರು. ಬೇಳೆ ಎಂದರೆ ಅವರಿಗೆ ಗೊತ್ತು.

ತರಕಾರಿ ದುಬಾರಿ. ಮರಳಿನ ದ್ವೀಪದಲ್ಲಿ ಬೆಳೆಯುವುದು ಕಡಿಮೆ. ಅಕ್ಕಿ, ಗೋಧಿಹಿಟ್ಟು, ಈರುಳ್ಳಿ, ಆಲೂಗಡ್ಡೆ, ಮೊಟ್ಟೆ, ಸಕ್ಕರೆ, ಬೇಳೆ ಎಲ್ಲವೂ ಹಡಗಿನಲ್ಲಿ ಬರಬೇಕು. ಬಹುಪಾಲು ನಮ್ಮ ದೇಶದಿಂದಲೇ ಹೋಗುತ್ತದೆ. ಇಲ್ಲಿ ರಫ್ತು ನಿಷೇಧ ಇದ್ದ ವರ್ಷಗಳಲ್ಲೂ ಅವರಿಗೆಂದೇ ಕೋಟಾ ಬಿಟ್ಟಿದ್ದರು. ಗಂಗಾವತಿಯಲ್ಲಿ ಅಕ್ಕಿ ಎಷ್ಟಕ್ಕೆ ಸಿಗುತ್ತದೆ ಎಂಬ ಲೆಕ್ಕವನ್ನು ನಿಮ್ಮ ಗೆಳೆಯರು ಅಲ್ಲಿಗೆ ಒಯ್ಯಬಾರದು.

ಆದ್ದರಿಂದ ಖಡಕ್ ಜೋಳದ ರೊಟ್ಟಿ ಒಯ್ಯಿರಿ. ತೇವ ತಗುಲಿದರೆ ಮೆತ್ತಗಾಗಿ ಬೂಸ್ಟು ಹಿಡಿಯುತ್ತದೆ, ಅಲ್ಲಿನ ಗಾಳಿಯಲ್ಲಿ ತೇವ ಹೆಚ್ಚು. ಬಟ್ಟೆಯಲ್ಲಿ ಸುತ್ತುವ ನಮ್ಮ ರೂಢಿ ಅಲ್ಲಿ ನಡೆಯುವುದಿಲ್ಲ. ಹತ್ತು ಹತ್ತು ರೊಟ್ಟಿಗೆ ಒಂದೊಂದು ಜಿಪ್ ಕವರ್ ಮಾಡಿ, ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟು, ದಿನಕ್ಕೊಂದು ಕವರ್ ಮಾತ್ರ ಒಡೆಯಿರಿ. ಡಬ್ಬಿಯನ್ನು ಕೈಚೀಲದಲ್ಲಿ ಇಡಿ. ಚೆಕ್-ಇನ್ ಬ್ಯಾಗಿನಲ್ಲಿ ಹಾಕಿದರೆ ಮಾಲೆಯಲ್ಲಿ ಸಿಗುವುದು ಜೋಳದ ಹಿಟ್ಟು. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಇದ್ದರೆ ಮಧ್ಯಾಹ್ನದ ಊಟದ ಖರ್ಚೇ ಇಲ್ಲ. ಅಲ್ಲಿ ಮೊಸರಿನ ಡಬ್ಬಿ ಕೊಂಡರೆ ಸಾಕು. ಎಣ್ಣೆ ಉಪ್ಪಿನಕಾಯಿ ಮಾತ್ರ ಬೇಡ, ಸೋರಿ ಬಟ್ಟೆ ಎಲ್ಲ ಹಾಳು.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಪೂಜೆಯ ವಿಗ್ರಹಗಳು ಅಲ್ಲಿನ ಕಸ್ಟಮ್ಸ್ ನಿಷೇಧದ ಪಟ್ಟಿಯಲ್ಲಿವೆ. ನನ್ನ ತಾಯಿ ಎಲ್ಲಿಗೆ ಹೋದರೂ ಹುಲಿಗೆಮ್ಮನ ಸಣ್ಣ ಮೂರ್ತಿ ಇಲ್ಲದೆ ಹೊಸ್ತಿಲು ದಾಟುವವರಲ್ಲ. ಹೊರಡುವ ಹಿಂದಿನ ದಿನ ಇದನ್ನು ಹೇಳಿದಾಗ ಮನೆಯಲ್ಲಿ ದೊಡ್ಡ ಪಂಚಾಯಿತಿಯೇ ನಡೆಯಿತು. ಕೊನೆಗೆ ಮೂರ್ತಿ ಜಗುಲಿಯ ಮೇಲೆ ಉಳಿಯಿತು, ತಾಯಿ ಕುಂಕುಮ ಹಚ್ಚಿಕೊಂಡು ಬಂದರು. ನಿಮ್ಮ ಬ್ಯಾಗಿನ ಜಿಪ್‌ಗೆ ಆಂಜನೇಯ ತೂಗುತ್ತಿದ್ದರೆ ಮನೆಯಲ್ಲೇ ಬಿಟ್ಟು ಹೊರಡಿ.

ದಾಳಿಂಬೆ ಕುಷ್ಟಗಿ

ಅಕ್ಕನವರು ಬೆಳೆಯುವುದು ಕಡಿಮೆ ಎಂದರು, ಸರಿ. ಆದರೆ ಪಟ್ಟಿಯಲ್ಲಿದ್ದ ತೊಡ್ಡೂ ದ್ವೀಪ ಬಿಟ್ಟುಹೋಗುತ್ತದಲ್ಲ ಎಂದು ನನಗೆ ಬೇಸರ. ಅದು ಆ ದೇಶದ ಹೊಲ ಎಂದೇ ಹೆಸರಾದ ದ್ವೀಪ. ಕಲ್ಲಂಗಡಿ, ಪಪ್ಪಾಯಿ ಬೆಳೆದು ಮಾಲೆಗೆ ಕಳುಹಿಸುತ್ತಾರೆ, ಕಲ್ಲಂಗಡಿಗೆ ರಂಜಾನ್ ತಿಂಗಳಿನಲ್ಲೇ ದೊಡ್ಡ ಗಿರಾಕಿ. ಸುತ್ತ ಉಪ್ಪುನೀರು, ಕಾಲ ಕೆಳಗೆ ಮರಳು, ಅದರಲ್ಲಿ ತೋಟ. ನಾವು ಇಲ್ಲಿ ಎರೆಮಣ್ಣು, ಕೆಮ್ಮಣ್ಣು, ಹನಿ ನೀರಾವರಿ ಎಲ್ಲ ಇದ್ದೂ ಗೋಳಾಡುತ್ತೇವೆ. ರೈತನ ಮಗ ಯಾರಾದರೂ ಹೋದರೆ ಅದನ್ನೊಂದು ನೋಡಿ ಬರಬೇಕು.

ಲಿಂಗಸುಗೂರು ಟೀಚರ್

ನೋಡಬೇಕಾದ ದ್ವೀಪವೇ. ಆದರೆ ಇವರು ಕತ್ತರಿಯವರು, ರೈತರಲ್ಲ. ಮುಂದಿನ ಸಲ ನೀವೇ ಬನ್ನಿ, ಪಪ್ಪಾಯಿ ತೋಟದವರನ್ನು ಪರಿಚಯಿಸುತ್ತೇನೆ.

ಸಿಂಧನೂರಿನ ಈಜುಗಾರರಿಗೆ ಒಂದು ಪ್ರಶ್ನೆ. ಸಮುದ್ರದಲ್ಲಿ ಈಜಿದ್ದೀರಾ?

ಕಾಲುವೆ ಈಜುಗಾರ

ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಸೇತುವೆಯಿಂದ ಹಾರಿ ಬೆಳೆದವರು ಟೀಚರ್. ನೀರು ನಮಗೆ ಹೊಸದಲ್ಲ.

ಲಿಂಗಸುಗೂರು ಟೀಚರ್

ಹೀಗೆಂದು ಹೇಳುವವರನ್ನು ಕಂಡರೇ ನನಗೆ ಹೆದರಿಕೆ. ಕಾಲುವೆ ಒಂದೇ ದಿಕ್ಕಿಗೆ ಹರಿಯುತ್ತದೆ, ಎರಡು ಕಡೆ ದಡ ಇದೆ, ಸುಸ್ತಾದರೆ ಯಾವುದಾದರೂ ಒಂದು ದಡ ಹಿಡಿಯಬಹುದು. ಇಲ್ಲಿ ಎರಡು ಹವಳದ ದಿಬ್ಬಗಳ ನಡುವೆ ಆಳದ ನೀರಿನ ದಾರಿ ಇರುತ್ತದೆ. ಭರತ, ಇಳಿತಕ್ಕೆ ತಕ್ಕಂತೆ ಅಲ್ಲಿ ನೀರು ಒಳಕ್ಕೂ ಹೊರಕ್ಕೂ ಸೆಳೆಯುತ್ತದೆ. ಮೇಲೆ ಗಾಜಿನಂತೆ ಶಾಂತವಾಗಿರುತ್ತದೆ. ಮುಖ ಕೆಳಗೆ ಹಾಕಿ ಮೀನು ನೋಡುತ್ತಾ ಹತ್ತು ನಿಮಿಷ ಕಳೆದು ತಲೆ ಎತ್ತಿದರೆ ದೋಣಿ ಎಲ್ಲೋ, ನೀವು ಎಲ್ಲೋ. ಪ್ರತಿ ವರ್ಷ ಪ್ರವಾಸಿಗರು ಹೀಗೆ ಸ್ನಾರ್ಕೆಲಿಂಗ್ ಮಾಡುವಾಗಲೇ ಸಾಯುತ್ತಾರೆ.

ಲೈಫ್ ಜಾಕೆಟ್ ಹಾಕಿಕೊಳ್ಳಿ, ನಾಚಿಕೆ ಬೇಡ. ಗೈಡ್ ನೀರಿಗೆ ಇಳಿಯದೆ ದೋಣಿಯಲ್ಲೇ ಕೂರುವ ಸುತ್ತಾಟಕ್ಕೆ ಹಣ ಕೊಡಬೇಡಿ. ಅವರು ಇಳಿಯುತ್ತಾರೆಯೇ ಎಂದು ಮೊದಲೇ ಕೇಳಿ. ತುಂಬುತೋಳಿನ ಈಜು ಅಂಗಿ ಊರಿನಲ್ಲೇ ಕೊಂಡು ತನ್ನಿ. ರಾಯಚೂರಿನ ಬಿಸಿಲಿಗೆ ಹೊಂದಿಕೊಂಡ ಬೆನ್ನು ಕೂಡ ಇಲ್ಲಿ ಒಂದೇ ಮಧ್ಯಾಹ್ನದಲ್ಲಿ ಸುಲಿಯುತ್ತದೆ, ನೀರಿನಲ್ಲಿದ್ದಾಗ ಬಿಸಿಲು ಗೊತ್ತಾಗುವುದಿಲ್ಲ. ಹವಳದ ಮೇಲೆ ನಿಲ್ಲಬೇಡಿ. 1998ರಲ್ಲಿ, 2016ರಲ್ಲಿ ಸಮುದ್ರ ಬಿಸಿಯಾಗಿ ಅದರ ಬಹುಭಾಗ ಬಿಳಿಚಿ ಹೋಗಿತ್ತು, ಉಳಿದಿರುವುದು ಬಹಳ ಕಷ್ಟದಲ್ಲಿ ಉಳಿದಿದೆ. ಹವಳದ ತುಂಡು, ಆಮೆ ಚಿಪ್ಪು ಬ್ಯಾಗಿನಲ್ಲಿ ಸಿಕ್ಕರೆ ವಿಮಾನ ನಿಲ್ದಾಣದಲ್ಲಿ ದಂಡ ಕಟ್ಟಬೇಕು. ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಸ್ಕೂಬಾ ಮಾಡುವ ಮನಸ್ಸಿದ್ದರೆ ಕೊನೆಯ ದಿನ ಬೇಡ. ಮುಳುಗಿ ಎದ್ದ ಮೇಲೆ ವಿಮಾನ ಹತ್ತುವ ಮೊದಲು 18 ಗಂಟೆಯಾದರೂ ಬಿಡಬೇಕು.

ವಿಮೆ ಮಾಡಿಸಿ. ದ್ವೀಪದಲ್ಲಿ ಸಣ್ಣ ಆರೋಗ್ಯ ಕೇಂದ್ರ ಇರುತ್ತದೆ, ಅದಕ್ಕಿಂತ ದೊಡ್ಡದಕ್ಕೆಲ್ಲ ದೋಣಿ ಮಾಡಿಕೊಂಡು ಮಾಲೆಗೆ ಹೋಗಬೇಕು. ಅದರ ಬಾಡಿಗೆ ನಿಮ್ಮ ಎಪ್ಪತ್ತರಲ್ಲಿ ಇಲ್ಲ.

ಕೌಲ್‌ಬಜಾರ್ ಕತ್ತರಿ

ಎಲ್ಲ ಓದಿ ಮೂವರೂ ಕೂತು ಮತ್ತೆ ಕತ್ತರಿಸಿದೆವು. ಗಂಗಾವತಿಯವನನ್ನು ಎಪ್ಪತ್ತಕ್ಕೆ ಒಪ್ಪಿಸಿದ್ದು ರೊಟ್ಟಿಯ ಲೆಕ್ಕ. ಹೊಸ ಯೋಜನೆ ಹೀಗಿದೆ:

ಜನವರಿ 17ರ ಭಾನುವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರು. 18 ಸೋಮವಾರ ವಿಮಾನ, ರಾತ್ರಿ ವಿಮಾನ ನಿಲ್ದಾಣದ ಪಕ್ಕದ ಹುಲ್ಹುಮಾಲೆಯಲ್ಲಿ. 19 ಮಂಗಳವಾರ ಸ್ಪೀಡ್‌ಬೋಟಿನಲ್ಲಿ ದಿಗುರಾ, ಮೂರು ರಾತ್ರಿ. 22ಕ್ಕೆ ಮಾಲೆಗೆ ಮರಳಿ ಅಲ್ಲಿಂದ ಫೆರಿಯಲ್ಲಿ ಗುಲ್ಹಿ, ಎರಡು ರಾತ್ರಿ. 24 ಭಾನುವಾರ ಊರಿಗೆ.

ಮಾಫುಶಿ ಬಿಟ್ಟೆವು. ಗೆಸ್ಟ್‌ಹೌಸು, ಅಂಗಡಿ, ಗದ್ದಲ ಎಲ್ಲ ಅಲ್ಲೇ ಹೆಚ್ಚಂತೆ, ದೇಶದ ದೊಡ್ಡ ಜೈಲೂ ಅದೇ ದ್ವೀಪದಲ್ಲಿದೆಯಂತೆ. ಜೈಲು ನೋಡಲು ಬಳ್ಳಾರಿಯವರು ಸಮುದ್ರ ದಾಟಬೇಕಾಗಿಲ್ಲ.

ಲಿಂಗಸುಗೂರು ಟೀಚರ್

22 ಯಾವ ವಾರ ಎಂದು ನೋಡಿ.

ಗಡ್ಡಿ ಹರಿಗೋಲು

ಶುಕ್ರವಾರ! ಫೆರಿ ಇಲ್ಲದ ದಿನವೇ ಫೆರಿ ಹಿಡಿಯಲು ಹೊರಟಿದ್ದಾರೆ.

ಲಿಂಗಸುಗೂರು ಟೀಚರ್

ಉಲ್ಟಾ ಮಾಡಿ. 19 ಮಂಗಳವಾರ ಫೆರಿಯಲ್ಲಿ ಗುಲ್ಹಿ, ಎರಡು ರಾತ್ರಿ. ಅಲ್ಲಿ ಸಣ್ಣ ಅಲೆಯಲ್ಲಿ ಮುಖಕ್ಕೆ ಮಾಸ್ಕ್ ಹಾಕಿ ಉಸಿರಾಡುವುದನ್ನು ರೂಢಿ ಮಾಡಿಕೊಳ್ಳಿ. 21 ಗುರುವಾರ ಬೆಳಿಗ್ಗೆ ಮಾಲೆಗೆ ಬಂದು ಅಂದೇ ಸ್ಪೀಡ್‌ಬೋಟಿನಲ್ಲಿ ದಿಗುರಾಕ್ಕೆ, ಮೂರು ರಾತ್ರಿ. 22 ಶುಕ್ರವಾರ ಎಲ್ಲಿಗೂ ಹೋಗುವ ಕೆಲಸ ಇಲ್ಲ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಅಂಗಡಿ ಮುಚ್ಚುತ್ತವೆ, ನೀವು ಮೂರು ಕಿಲೋಮೀಟರ್ ಉದ್ದದ ದ್ವೀಪದ ತುದಿಯವರೆಗೆ ನಡೆದು ಬನ್ನಿ. ತಿಮಿಂಗಿಲ ಶಾರ್ಕಿಗೆ ಶನಿವಾರ ಹೊರಡಿ. 24ರ ವಿಮಾನ ಸಂಜೆಯದಿರಲಿ, ಬೆಳಗಿನ ಸ್ಪೀಡ್‌ಬೋಟಿಗೆ ಈಗಲೇ ಗೆಸ್ಟ್‌ಹೌಸಿನವರ ಮೂಲಕ ಜಾಗ ಹೇಳಿಡಿ. ದೋಣಿಯ ವೇಳಾಪಟ್ಟಿ ಬದಲಾಗುತ್ತಿರುತ್ತದೆ, ನೀವು ಇಲ್ಲಿಗೆ ಬರುವ ವಾರದಲ್ಲಿ ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಳ್ಳಿ.

ಕಾಗದಪತ್ರ: ವೀಸಾ ಮೊದಲೇ ಬೇಡ, ಇಳಿದಾಗ ಉಚಿತವಾಗಿ ಕೊಡುತ್ತಾರೆ. ಮರಳುವ ಟಿಕೆಟ್, ಪ್ರತಿ ರಾತ್ರಿಯ ಕೋಣೆಯ ದಾಖಲೆ ಕೈಯಲ್ಲಿರಲಿ. ಇಲ್ಲಿಗೆ ಬಂದಿಳಿಯುವ ಮುಂಚಿನ 96 ಗಂಟೆಯೊಳಗೆ ಇಮುಗಾ ಎಂಬ ಸರ್ಕಾರಿ ಜಾಲತಾಣದಲ್ಲಿ ಪ್ರಯಾಣಿಕರ ವಿವರ ತುಂಬಬೇಕು. ಅದಕ್ಕೆ ಶುಲ್ಕವಿಲ್ಲ. ಹಣ ಕೇಳುವ ಜಾಲತಾಣ ಕಂಡರೆ ಅದು ನಕಲಿ.

ಲೆಕ್ಕದ ಪುಸ್ತಕ

ಸಣ್ಣ ಮುಖಬೆಲೆಯ ಡಾಲರ್ ನೋಟುಗಳನ್ನು ಒಯ್ಯಿರಿ, ಹರಿದದ್ದು, ಗೀಚಿದ್ದು ಬೇಡ. ಅಲ್ಲಿನ ರುಫಿಯಾ ಡಾಲರಿಗೆ 15.42ರ ಆಸುಪಾಸಿನಲ್ಲಿ ಕಟ್ಟಿದ ದರ. ಫೆರಿಗೆ, ಚಹಾಕ್ಕೆ ಬೇಕಾದಷ್ಟೇ ಬದಲಿಸಿ. ಉಳಿದ ರುಫಿಯಾ ಬಳ್ಳಾರಿಗೆ ತಂದರೆ ಯಾರೂ ಮುಟ್ಟುವುದಿಲ್ಲ.

ತೋಪಿನ ನೆರಳು

ನಾನು ಬೇಡ ಎಂದವನೇ. ಆದರೂ ಒಂದು ಮಾತು ಕೇಳುತ್ತೇನೆ, ಮೂವರಿಗೂ ಪಾಸ್‌ಪೋರ್ಟ್ ಇದೆಯೇ? ಇಷ್ಟು ಹೊತ್ತು ಯಾರೂ ಆ ವಿಷಯ ಎತ್ತಲಿಲ್ಲ.

ಕಾಲುವೆ ಈಜುಗಾರ

ನನ್ನದು ಅರ್ಜಿ ಹಾಕಿದ್ದೇನೆ ಅಣ್ಣ. 1,500 ಕಟ್ಟಿ ಅಂಚೆ ಕಚೇರಿಯ ಸೇವಾ ಕೇಂದ್ರಕ್ಕೆ ಹೋಗಿ ಬಂದೆ. ಪೊಲೀಸ್ ಪರಿಶೀಲನೆ ಬಾಕಿ. ಆಧಾರ್‌ನಲ್ಲಿ ತಂದೆಯ ಹೆಸರಿನ ಇನಿಶಿಯಲ್ ಮಾತ್ರ ಇದೆ, ಅಂಕಪಟ್ಟಿಯಲ್ಲಿ ಪೂರ್ತಿ ಇದೆ.

ತೋಪಿನ ನೆರಳು

ನೋಡಿದಿರಾ? ಪಾಸ್‌ಪೋರ್ಟ್ ಕೈಗೆ ಬಂದು, ಅದರಲ್ಲಿ ಹೆಸರು ಹೇಗೆ ಅಚ್ಚಾಗಿದೆಯೋ ಹಾಗೆಯೇ ಟಿಕೆಟಿನಲ್ಲಿ ಬರೆಸುವವರೆಗೆ ವಿಮಾನಕ್ಕೆ ಒಂದು ರೂಪಾಯಿ ಕಟ್ಟಬೇಡಿ. ಉಪನಾಮದ ಜಾಗ ಖಾಲಿ ಬಂದರೆ ಟಿಕೆಟಿನಲ್ಲಿ ಹೇಗೆ ತುಂಬಬೇಕೆಂದು ವಿಮಾನ ಕಂಪನಿಯನ್ನೇ ಕೇಳಿ, ಒಬ್ಬೊಬ್ಬರದು ಒಂದೊಂದು ನಿಯಮ.

ಕೌಲ್‌ಬಜಾರ್ ಕತ್ತರಿ

ಆಗಲಿ ಅಣ್ಣ. ಅವನ ಪಾಸ್‌ಪೋರ್ಟ್ ಬಂದ ದಿನವೇ ಟಿಕೆಟ್ ತೆಗೆಯುತ್ತೇವೆ. ಅಷ್ಟರಲ್ಲಿ ಗುಲ್ಹಿಯ ನಾಲ್ಕು ಗೆಸ್ಟ್‌ಹೌಸುಗಳಿಗೆ ತೆರಿಗೆ ಸೇರಿದ ಮೊತ್ತ ಎಷ್ಟು ಎಂದು ಬರೆದು ಕೇಳುತ್ತೇನೆ. ಉತ್ತರ ಬಂದ ಮೇಲೆ ಇಲ್ಲೇ ಹಾಕುತ್ತೇನೆ, ಲೆಕ್ಕದವರು ಒಮ್ಮೆ ಕಣ್ಣಾಡಿಸಿ.